ಟ್ಯಾಬ್ ತೆಗೆಯುವುದಾ, ಬೇಡ್ವಾ? ಮೊದಲು ಒಂದು ಎ4 ಹಾಳೆ ಮಡಚಿ ನೋಡಿ

ಜೂನ್ ಬಂತೆಂದರೆ ನಮ್ಮ ಕಡೆ ಮಳೆ ಮತ್ತು ಕಾಲೇಜು ಒಟ್ಟಿಗೆ ಶುರುವಾಗುತ್ತವೆ. ಅದೇ ಹೊತ್ತಿಗೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಮನೆಗಳಿಂದ ಬರುತ್ತದೆ. ಸುರತ್ಕಲ್‌ನಿಂದ ಅಕ್ಕ: "ಮಗಳಿಗೆ ಟ್ಯಾಬ್ ಬೇಕಂತೆ ಮಾರಾಯ, ಯಾವುದು ತೆಗೆಯುವುದು?" ಕುಂದಾಪುರದಿಂದ ಬಾವ: "ನನ್ನದು ಆರು ವರ್ಷ ಹಳೆಯದು, ಬದಲಾಯಿಸುವುದಾ?" ಪಕ್ಕದ ಮನೆಯ ನಿವೃತ್ತ ಮಾಸ್ಟ್ರು: "ಮೊಬೈಲಲ್ಲಿ ಪೇಪರ್ ಓದಲಿಕ್ಕೆ ಆಗುವುದಿಲ್ಲ, ದೊಡ್ಡದು ಎಂತಾದರೂ ಉಂಟಾ?" ಮೂವರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದುಬಿಡೋಣ ಅಂತ ಕೂತೆ.

ನಾನು ಅಂಗಡಿಯವನಲ್ಲ. ಟ್ಯಾಬ್ ವಿಷಯದಲ್ಲಿ ಒಮ್ಮೆ ಸರಿಯಾಗಿ ದುಡ್ಡು ಕಳೆದುಕೊಂಡವನು, ಅಷ್ಟೇ. 2020ರಲ್ಲಿ ಮಗನಿಗೆ ಆನ್‌ಲೈನ್ ಕ್ಲಾಸ್ ಶುರುವಾದಾಗ ಗಡಿಬಿಡಿಯಲ್ಲಿ ಒಂದು 8 ಇಂಚಿನ ಟ್ಯಾಬ್ ತಂದೆ. ರ್‍ಯಾಮ್ 2 ಜಿಬಿ, ಸ್ಟೋರೇಜ್ 32. ಆಗ ಅಂಗಡಿಯಲ್ಲಿ ಇದ್ದದ್ದೇ ಅದೊಂದು. ಶಾಲೆ ಮತ್ತೆ ತೆರೆದ ದಿನ ಅದು ಕಪಾಟಿನ ಡ್ರಾಯರ್ ಸೇರಿತು. ಎರಡು ಮಳೆಗಾಲ ಕಳೆದ ಮೇಲೆ ಯಾವುದೋ ಕೆಲಸಕ್ಕೆ ತೆಗೆದು ಚಾರ್ಜಿಗೆ ಹಾಕಿದರೆ ಜೀವವೇ ಇಲ್ಲ. ಹಿಂದಿನ ಮುಚ್ಚಳ ಚೂರು ಎದ್ದು ನಿಂತಿತ್ತು. ಬಳಸಿ ಹಾಳಾದದ್ದಲ್ಲ, ಬಳಸದೆ ಹಾಳಾದದ್ದು. ಅಂದಿನಿಂದ ಯಾರು ಕೇಳಿದರೂ ಕಂಪನಿ ಹೆಸರು ಹೇಳುವ ಮೊದಲು ನಾನು ಕೇಳುವುದು ಒಂದೇ: ಮೊಬೈಲಿನಲ್ಲಿ ಆಗದ, ಲ್ಯಾಪ್‌ಟಾಪ್ ತೆರೆಯಲು ಉದಾಸೀನ ಆಗುವ ಯಾವ ಕೆಲಸ ನಿಮಗೆ ವಾರದಲ್ಲಿ ನಾಲ್ಕು ದಿನವಾದರೂ ಇದೆ? ಇದಕ್ಕೆ ಉತ್ತರ ಬರದಿದ್ದರೆ ನೀವು ಕೊಳ್ಳುತ್ತಿರುವುದು ಡ್ರಾಯರಿಗೆ.

ಅಳೆಯುವುದು ಹೇಗೆ

ಮೊದಲಿಗೆ ಅಳತೆ. ಮನೆಯಲ್ಲಿರುವ ಒಂದು ಎ4 ಹಾಳೆಯನ್ನು ಸರಿಯಾಗಿ ಅರ್ಧಕ್ಕೆ ಮಡಚಿ. ಅದು ಎ5, ಮೂಲೆಯಿಂದ ಮೂಲೆಗೆ ಸುಮಾರು 10 ಇಂಚು. 10 ಇಂಚಿನ ಟ್ಯಾಬ್ ಅಂದರೆ ಹೆಚ್ಚುಕಡಿಮೆ ಅಷ್ಟೇ. 11 ಇಂಚು ಅಂತ ಮಾರುವ, 16:10 ಆಕಾರದ (ಉದ್ದ 16 ಪಾಲು ಆದರೆ ಅಗಲ 10 ಪಾಲು) ಉದ್ದನೆಯ ಟ್ಯಾಬನ್ನು ನೆಟ್ಟಗೆ ಹಿಡಿದರೂ ಅದರ ಅಗಲ ಸುಮಾರು 148 ಮಿಲಿಮೀಟರ್, ಅಂದರೆ ಎ5ನ ಅಗಲವೇ. ಎ4 ಹಾಳೆಯ ಅಗಲ 210. ಕಾಲೇಜಿನವರು ಕಳಿಸುವ ಎ4 ಪಿಡಿಎಫ್ ಅದರಲ್ಲಿ ನೂರಕ್ಕೆ 70ರಷ್ಟು ಗಾತ್ರದಲ್ಲಿ ಕಾಣುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ದುಡ್ಡು ಉಳಿಸಲು ಎರಡು ಪುಟವನ್ನು ಒಂದೇ ಹಾಳೆಗೆ ಹಾಕಿಸುತ್ತೇವಲ್ಲ, ಅದೇ ಸೈಜು. 12 ಪಾಯಿಂಟಿನ ಅಕ್ಷರ ಎಂಟೂವರೆ ಪಾಯಿಂಟ್ ಆಗುತ್ತದೆ. ಇಪ್ಪತ್ತರ ಹುಡುಗಿಗೆ ತೊಂದರೆ ಇಲ್ಲ. ಎಪ್ಪತ್ತರ ಮಾಸ್ಟ್ರಿಗೆ ಕಷ್ಟ.

ಇಲ್ಲಿ ಇಂಚಿಗಿಂತ ಆಕಾರ ಮುಖ್ಯ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಉದ್ದನೆಯ 16:10 ಸ್ಕ್ರೀನ್ ಸಿನಿಮಾಕ್ಕೆ ಒಳ್ಳೆಯದು, ಓದಲು ಅಷ್ಟಕ್ಕಷ್ಟೆ. ಐಪ್ಯಾಡ್ ಚೂರು ಚೌಕ, ಅದರ ಅಗಲ 158 ಮಿಲಿಮೀಟರ್ ಹತ್ತಿರ ಬರುತ್ತದೆ. ಒನ್‌ಪ್ಲಸ್ ಪ್ಯಾಡ್ ಗೋ 11.35 ಇಂಚು, 7:5 ಆಕಾರ. ಅದು ಎ4 ಹಾಳೆಯದ್ದೇ ಆಕಾರ ಅಂತ ಹೇಳಬಹುದು, ಪುಟ ನೂರಕ್ಕೆ 80ರಷ್ಟು ಗಾತ್ರದಲ್ಲಿ ಕೂರುತ್ತದೆ. ನಾನು ತಂದಿದ್ದ 8 ಇಂಚಿನದರಲ್ಲಿ ಅರ್ಧ! ಮಗ ಗಣಿತದ ಪುಟವನ್ನು ಎರಡು ಬೆರಳಲ್ಲಿ ಎಳೆದು ಎಳೆದು ನೋಡುತ್ತಿದ್ದದ್ದು ಸುಮ್ನೆ ಅಲ್ಲ.

ಎರಡನೆಯದು ಪೆನ್. 200 ರೂಪಾಯಿಗೆ ಸಿಗುವ ರಬ್ಬರ್ ತುದಿಯ ಪೆನ್ ನಿಜಕ್ಕೂ ಪೆನ್ ಅಲ್ಲ, ಅದು ಇನ್ನೊಂದು ಬೆರಳು. ಕೈಯ ಅಡಿಭಾಗ ಗಾಜಿಗೆ ತಾಗಿದರೆ ಅದೂ ಗೀಚುತ್ತದೆ. ನಿಜವಾದ ಪೆನ್ ಬೇಕಾದರೆ ಟ್ಯಾಬಿನ ಒಳಗೇ ಅದಕ್ಕೆ ವ್ಯವಸ್ಥೆ ಇರಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ಬರೆಯುವ ಉದ್ದೇಶ ಇದ್ದರೆ ಕೊಳ್ಳುವ ದಿನವೇ ಇದನ್ನು ತೀರ್ಮಾನ ಮಾಡಬೇಕು. ಮೇಲೆ ಹೊಗಳಿದ ಪ್ಯಾಡ್ ಗೋ, 2023ರ ಮಾಡೆಲ್, ಇಲ್ಲೇ ಬೀಳುತ್ತದೆ. ಅದಕ್ಕೆ ಪೆನ್ ಇಲ್ಲ.

ಮೂರನೆಯದು ಎಷ್ಟು ವರ್ಷ ಬಾಳುತ್ತದೆ ಅನ್ನುವುದು. ಆಂಡ್ರಾಯ್ಡ್ ಆದರೆ 6 ಜಿಬಿ ರ್‍ಯಾಮ್ ಮತ್ತು 128 ಜಿಬಿ ಸ್ಟೋರೇಜಿಗಿಂತ ಕೆಳಗೆ ಇಳಿಯಬೇಡಿ. ವಿಡಿಯೋಕ್ಕೆ ಮಾತ್ರ ಆದರೆ 4 ಜಿಬಿ ನಡೆದೀತು. ಅಗ್ಗದ ಟ್ಯಾಬ್‌ಗಳಲ್ಲಿ ಸ್ಟೋರೇಜ್ ಸಾಮಾನ್ಯವಾಗಿ ಇಎಂಎಂಸಿ ಅನ್ನುವ ನಿಧಾನದ ಜಾತಿಯದ್ದು, ಅದು ತುಂಬುತ್ತಾ ಬಂದ ಹಾಗೆ ಇಡೀ ಟ್ಯಾಬ್ ಎಮ್ಮೆಯ ಹಾಗೆ ಕೂರುತ್ತದೆ. ಯುಎಫ್‌ಎಸ್ ಅಂತ ಬರೆದಿದ್ದರೆ ಅದು ವೇಗದ್ದು, ಒಳ್ಳೆಯದು. ಮತ್ತೆ, ಕಂಪನಿ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೇನೆ ಅಂದಿದೆ ನೋಡಿ. ಲೆಕ್ಕ ಶುರುವಾಗುವುದು ಮಾಡೆಲ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಆಫರಿನಲ್ಲಿ ಎರಡು ವರ್ಷ ಹಳೆಯ ಮಾಡೆಲ್ ತೆಗೆದರೆ ಎರಡು ವರ್ಷ ಮೊದಲೇ ಖರ್ಚಾಗಿದೆ ಅಂತ ಅರ್ಥ.

ನಾಲ್ಕನೆಯದು ಸಿಮ್. ಅಂಗಡಿಯಲ್ಲಿ "ಸಿಮ್ ಇರುವುದೇ ತಗೊಳ್ಳಿ ಸರ್" ಅನ್ನುತ್ತಾರೆ. ಮೊಬೈಲಿನ ಹಾಟ್‌ಸ್ಪಾಟ್ ಆನ್ ಮಾಡಲು ಬರುವವರಿಗೆ ಅದು ಬೇಡ, ದುಡ್ಡು ಉಳಿಸಿ. ಆದರೆ ಒಂದು ಸಂಗತಿ ಗೊತ್ತಿರಲಿ. ಯುಪಿಐ ಆ್ಯಪ್ ನೋಂದಣಿ ಆಗುವಾಗ ಆ ಸಾಧನದಲ್ಲಿರುವ ಸಿಮ್‌ನಿಂದಲೇ ಒಂದು ಎಸ್ಸೆಮ್ಮೆಸ್ ಹೋಗಬೇಕು. ಹಾಗಾಗಿ ವೈಫೈ ಮಾತ್ರ ಇರುವ ಟ್ಯಾಬಿನಲ್ಲಿ ಅಪ್ಪನಿಗೆ ಗೂಗಲ್ ಪೇ ಹಾಕಿಕೊಡುತ್ತೇನೆ ಅಂದುಕೊಂಡರೆ ಆಗುವುದಿಲ್ಲ. ಸಿಮ್ ಇರುವ ಐಪ್ಯಾಡಿನಲ್ಲೂ ಆ ಸಿಮ್ ಇಂಟರ್ನೆಟ್ಟಿಗೆ ಮಾತ್ರ, ಫೋನ್ ಕರೆ ಹೋಗುವುದಿಲ್ಲ. ವೈಫೈ ಐಪ್ಯಾಡಿನಲ್ಲಿ ಜಿಪಿಎಸ್ ಕೂಡ ಇಲ್ಲ, ಕಾರಿನಲ್ಲಿ ದಾರಿ ನೋಡಲು ಇಟ್ಟುಕೊಳ್ಳುವವರು ಇದನ್ನು ನೆನಪಿಡಿ.

ಐದನೆಯದು ನಮ್ಮ ಕರಾವಳಿಯ ಹವೆ. ಮೈಸೂರಿನವರು ಬರೆದ ಸಲಹೆಯಲ್ಲಿ ಇದು ಇರುವುದಿಲ್ಲ. ಜುಲೈ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ, ಪುಸ್ತಕಕ್ಕೂ ಬರುತ್ತದೆ. ಚಾರ್ಜಿಂಗ್ ತೂತಿನಲ್ಲಿ ತೇವ ಕೂತರೆ ಚಾರ್ಜ್ ಆಗುವುದಿಲ್ಲ, ಹಠ ಮಾಡಿ ಚಾರ್ಜ್ ಮಾಡಿದರೆ ತುಕ್ಕು. ಕಾಲೇಜು ಬ್ಯಾಗಿನಲ್ಲಿ ಒದ್ದೆ ಕೊಡೆಯ ಜೊತೆ ಓಡಾಡುವ ಟ್ಯಾಬಿಗೆ ಐಪಿ68 ಅಂತ ನೀರು ತಡೆಯುವ ಗುಣ ಇದ್ದರೆ ಅದಕ್ಕೆ ಬೆಲೆ ಕೊಡಬಹುದು. ಅಕ್ಟೋಬರ್ ಸಂಜೆಯ ಸಿಡಿಲಿಗೆ ಮಾತ್ರ ಯಾವ ಐಪಿ ಸಂಖ್ಯೆಯೂ ಇಲ್ಲ. ಗುಡುಗು ಕೇಳಿದ ಕೂಡಲೇ ಚಾರ್ಜರ್ ಎಳೆದುಬಿಡಿ, ಮೊಡೆಮಿನದ್ದೂ ಕೂಡ.

ಕೊನೆಯದು ಒಟ್ಟು ಖರ್ಚು. ಗೋಡೆಯ ಮೇಲಿನ ಬೆಲೆ ನಂಬಬೇಡಿ. ಕವರ್, ಸ್ಕ್ರೀನಿಗೆ ಅಂಟಿಸುವ ಗಾಜು, ಪೆನ್, ಕೆಲವರಿಗೆ ಕೀಬೋರ್ಡು, ಇವೆಲ್ಲ ಸೇರಿಸಿ ಮಾತಾಡಿ. ಸ್ಕ್ರೀನ್ ಒಡೆದರೆ ಹಾಕಿಸಲು ಊರಲ್ಲಿ ಜನ ಇದ್ದಾರಾ ಅಂತಲೂ ಕೇಳಿ. ಜಾಸ್ತಿ ಮಾರಾಟವಾಗುವ ಮಾಡೆಲಿನ ಬಿಡಿಭಾಗ ಮಂಗಳೂರಿನ ಹಂಪನಕಟ್ಟೆಯ ಮೊಬೈಲ್ ಅಂಗಡಿಗಳ ಸಾಲಿನಲ್ಲಿ ಸಿಕ್ಕೀತು. ಹೆಸರೇ ಕೇಳದ ಕಂಪನಿಯದ್ದಾದರೆ ಬೆಂಗಳೂರಿಗೆ ಕಳಿಸಿ ಮೂರು ವಾರ ಕಾಯಬೇಕು.

ಏನೂ ತೆಗೆಯದೆ ಇರುವುದು

ಇದೂ ಒಂದು ಆಯ್ಕೆ, ಮತ್ತು ನನ್ನ ಪ್ರಕಾರ ಕೇಳುವವರಲ್ಲಿ ಅರ್ಧ ಜನರಿಗೆ ಇದೇ ಸರಿ. ನಿಮ್ಮ ಮೊಬೈಲ್ ಸ್ಕ್ರೀನ್ ಈಗ ಆರೂಮುಕ್ಕಾಲು ಇಂಚು ಉಂಟು. ಮನೆಯಲ್ಲಿ ಸ್ಮಾರ್ಟ್ ಟಿವಿ ಉಂಟು. ಯೂಟ್ಯೂಬಿನಲ್ಲಿ ಆಟ ನೋಡಲು, ಸಿನಿಮಾ ನೋಡಲು ಈ ಎರಡು ಸಾಕು. ವಿಡಿಯೋಕ್ಕೆ ಅಂತಲೇ ಟ್ಯಾಬ್ ತೆಗೆಯುವುದಾದರೆ ಒಂದೇ ಒಂದು ಒಳ್ಳೆಯ ಕಾರಣ, ಟಿವಿಯ ರಿಮೋಟಿಗೆ ಮನೆಯಲ್ಲಿ ಜಗಳ ಆಗುತ್ತಿರಬೇಕು. ಅಥವಾ ಹಾಸ್ಟೆಲ್ಲಿನಲ್ಲಿ ಇರಬೇಕು.

ಸಂಶಯ ಇದ್ದರೆ ಯಾರದ್ದಾದರೂ ಟ್ಯಾಬನ್ನು ಒಂದು ವಾರಕ್ಕೆ ಕೇಳಿ ತನ್ನಿ. ನಾಲ್ಕನೇ ದಿನ ಅದು ಎಲ್ಲಿದೆ ಅಂತ ಹುಡುಕಬೇಕಾಗಿ ಬಂದರೆ ವಾಪಸ್ ಕೊಟ್ಟು ಸುಮ್ಮನಿರಿ.

12ರಿಂದ 20 ಸಾವಿರದ ಒಳಗೆ

ಇದು ಮಾಸ್ಟ್ರ ಬೆಲೆ. ರೆಡ್ಮಿ ಪ್ಯಾಡ್ ಎಸ್ಇ 2024ರಲ್ಲಿ 12,999ಕ್ಕೆ ಬಂತು. 11 ಇಂಚು, ನಾಲ್ಕು ಸ್ಪೀಕರ್, 8000 ಎಂಎಎಚ್ ಬ್ಯಾಟರಿ, ಹಳೆಯ ಇಯರ್‌ಫೋನ್ ಸಿಕ್ಕಿಸುವ ತೂತು ಕೂಡ ಉಂಟು. ಚಾರ್ಜ್ ಆಗುವುದು ಮಾತ್ರ ಬಸವನಹುಳದ ವೇಗ, 10 ವ್ಯಾಟ್. ರಾತ್ರಿ ಮಲಗುವಾಗ ಹಾಕಿಟ್ಟರೆ ಬೆಳಿಗ್ಗೆಗೆ ಸರಿಯಾಯಿತು. ಸ್ಯಾಮ್‌ಸಂಗ್ ಟ್ಯಾಬ್ ಎ9 ಪ್ಲಸ್ 2023ರದ್ದು, ಅದೂ 11 ಇಂಚು, ಇದಕ್ಕಿಂತ ಸ್ವಲ್ಪ ಚುರುಕು, ಸ್ವಲ್ಪ ದುಬಾರಿ. ಒನ್‌ಪ್ಲಸ್ ಪ್ಯಾಡ್ ಗೋ 19,999ಕ್ಕೆ ಬಿಡುಗಡೆಯಾಗಿತ್ತು, ಓದುವವರಿಗೆ ಈ ಮೂರರಲ್ಲಿ ಅದೇ ಸುಖ. ನಾನು ಬರೆದದ್ದು ಬಿಡುಗಡೆಯ ಬೆಲೆ. ಈಗಿನದ್ದು ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಕೇಳಿ, ದೀಪಾವಳಿ ಹತ್ತಿರ ಇದ್ದರೆ ಕಾಯಿರಿ.

ಇವುಗಳಿಂದ ಆಗುವ ಕೆಲಸ: ಪೇಪರ್ ಓದುವುದು, ದುಬೈಯಲ್ಲಿರುವ ಮಗನ ಜೊತೆ ವಿಡಿಯೋ ಕಾಲ್, ಯಕ್ಷಗಾನ, ಅಡುಗೆ ವಿಡಿಯೋ. ಉದಯವಾಣಿಯ ಇ-ಪೇಪರ್ ಪುಟವನ್ನು ಇಡಿಯಾಗಿ ಇಟ್ಟುಕೊಂಡು ಓದಲು 11 ಇಂಚಿನಲ್ಲೂ ಆಗುವುದಿಲ್ಲ, ಅಷ್ಟು ದೊಡ್ಡ ಹಾಳೆ ಅದು. ಆದರೆ ಒಂದು ಸುದ್ದಿ ಮುಟ್ಟಿ ದೊಡ್ಡದು ಮಾಡಿದರೆ ಕನ್ನಡಕ ಇಲ್ಲದೆಯೂ ಓದಬಹುದು. ಬರೆಯುವುದು ಆಗುವುದಿಲ್ಲ. ಒಟ್ಟಿಗೆ ನಾಲ್ಕು ಆ್ಯಪ್ ತೆರೆದರೆ ಉಸಿರು ಬಿಡುತ್ತವೆ.

ಮಾಸ್ಟ್ರ ಇನ್ನೊಂದು ಉಪಯೋಗ ನನಗೆ ಮೊದಲು ಹೊಳೆದಿರಲಿಲ್ಲ. ಅವರು ಊರಿನ ಸಂಘದ ತಾಳಮದ್ದಳೆಯಲ್ಲಿ ಪದ ಹೇಳುತ್ತಾರೆ. ಹಳೆಯ ಪ್ರಸಂಗ ಪುಸ್ತಕಗಳ ಸ್ಕ್ಯಾನ್ ಪ್ರತಿ ಅವರ ಮೊಬೈಲಿನಲ್ಲಿ ಗುಡ್ಡೆ ಬಿದ್ದಿದೆ. ಪ್ರಸಂಗ ಪುಸ್ತಕಗಳು ಸಾಮಾನ್ಯವಾಗಿ ಎ5ಗಿಂತ ದೊಡ್ಡದಿರುವುದಿಲ್ಲ, ಹಾಗಾಗಿ 11 ಇಂಚಿನಲ್ಲಿ ಪುಟ ಮೂಲದಷ್ಟೇ ದೊಡ್ಡದಾಗಿ ಕಾಣುತ್ತದೆ. ಈಗ ಕೆಲವು ಭಾಗವತರ ಎದುರು ಪುಸ್ತಕದ ಬದಲು ಟ್ಯಾಬ್ ಇರುವುದನ್ನು ನೀವೂ ನೋಡಿರಬಹುದು. ಹಾಗೆ ಬಳಸುವವರು ಒಂದು ಕೆಲಸ ಮಾಡಿ, ಸೆಟ್ಟಿಂಗಿನಲ್ಲಿ ಸ್ಕ್ರೀನ್ ಆಫ್ ಆಗುವ ಸಮಯವನ್ನು 30 ನಿಮಿಷಕ್ಕೆ ಏರಿಸಿ, ನೋಟಿಫಿಕೇಶನ್ ಪೂರ್ತಿ ಮುಚ್ಚಿ. ಮೊದಲ ದಿನ ಮಾಸ್ಟ್ರು ಏರುಪದದಲ್ಲಿ ಇರುವಾಗ ಸ್ಕ್ರೀನ್ ಕಪ್ಪಾಯಿತು. ಮದ್ದಳೆಯವರು ಸುಧಾರಿಸಿದರು.

10 ಸಾವಿರದ ಕೆಳಗಿನದ್ದು? ಬೇಡ. ನನ್ನ ಡ್ರಾಯರ್ ಕತೆ ಓದಿದಿರಲ್ಲ.

25ರಿಂದ 40 ಸಾವಿರ, ಪೆನ್ ಜೊತೆ

ವಿಷಯ ಇರುವುದೇ ಇಲ್ಲಿ. ಅಕ್ಕನ ಮಗಳು ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಾಳೆ. ಅವಳ ಕ್ಲಾಸಿನಲ್ಲಿ ಮೇಷ್ಟ್ರುಗಳು ಸ್ಲೈಡ್‌ಗಳನ್ನು ಪಿಡಿಎಫ್ ಮಾಡಿ ಗ್ರೂಪಿಗೆ ಹಾಕುತ್ತಾರೆ. ಮೊದಲ ವರ್ಷ ಅವಳು ಎಲ್ಲವನ್ನೂ ಪ್ರಿಂಟ್ ತೆಗೆಸಿ ಅದರ ಮೇಲೆ ಬರೆದಳು. ಅಕ್ಕ ಆ ವರ್ಷದ ಝೆರಾಕ್ಸ್ ಖರ್ಚು ಕೂಡಿಸಿ ನೋಡಿ ಬೆಚ್ಚಿಬಿದ್ದಳು. ಮೂಳೆ, ಸ್ನಾಯು, ನರ, ಎಲ್ಲ ಬಣ್ಣದ ಚಿತ್ರ ಬೇರೆ, ಕಪ್ಪು ಬಿಳುಪಿನಲ್ಲಿ ಯಾವುದು ಯಾವುದು ಅಂತ ಗೊತ್ತೇ ಆಗುವುದಿಲ್ಲ. ನೀವು ಕಾಗದದ ಮೇಲೆ ಮಾಡುತ್ತಿರುವ ಕೆಲಸವನ್ನು ಟ್ಯಾಬ್ ಹೊತ್ತುಕೊಳ್ಳುತ್ತದೆ ಅಂದರೆ ಆಗ ಅದು ಖರ್ಚಿಗೆ ತಕ್ಕ ವಸ್ತು. ವೈದ್ಯಕೀಯ, ಇಂಜಿನಿಯರಿಂಗ್, ಸಿಎ ಓದುವವರು, ಟ್ಯೂಶನ್ ಹೇಳುವವರು, ನಕ್ಷೆ ಬರೆಯುವವರು ಈ ಸಾಲಿಗೆ ಸೇರುತ್ತಾರೆ.

ಸ್ಯಾಮ್‌ಸಂಗ್‌ನ ಟ್ಯಾಬ್ ಎಸ್ ಸಾಲಿನ ದೊಡ್ಡ ಅನುಕೂಲ ಏನೆಂದರೆ ಎಸ್ ಪೆನ್ ಡಬ್ಬದ ಒಳಗೇ ಬರುತ್ತದೆ, ಮತ್ತು ಬರೆಯಲು ಆ ಪೆನ್ನಿಗೆ ಚಾರ್ಜ್ ಬೇಡ. ಪರೀಕ್ಷೆಯ ಹಿಂದಿನ ರಾತ್ರಿ "ಪೆನ್ ಚಾರ್ಜ್ ಇಲ್ಲ" ಅನ್ನುವ ತಲೆಬಿಸಿ ಇಲ್ಲ. ಎಸ್9 ಎಫ್ಇ 2023ರಲ್ಲಿ 36,999ಕ್ಕೆ ಬಂತು. 10.9 ಇಂಚು, ಟ್ಯಾಬಿಗೂ ಪೆನ್ನಿಗೂ ಐಪಿ68. ನಮ್ಮ ಮಳೆಗೆ ಹೇಳಿ ಮಾಡಿಸಿದ ಹಾಗೆ. 2025ರಲ್ಲಿ ಬಂದ ಎಸ್10 ಲೈಟ್ ಡಬ್ಬದಲ್ಲೂ ಪೆನ್ ಇದೆ, ಬೆಲೆ ಇದಕ್ಕಿಂತ ಕಡಿಮೆ. ಹಳೆಯ ಎಸ್6 ಲೈಟ್ ಇನ್ನೂ ಅಲ್ಲಲ್ಲಿ ಮಾರಾಟಕ್ಕೆ ಕಾಣುತ್ತದೆ. ಮೂಲ ಮಾಡೆಲ್ 2020ರದ್ದು, ಅಂಗಡಿಯವರು "ಹೊಸ ಸ್ಟಾಕ್" ಅಂದರೆ ಯಾವ ವರ್ಷದ್ದು ಅಂತ ಡಬ್ಬ ತಿರುಗಿಸಿ ನೋಡಿ.

ಶಿಯೋಮಿ ಪ್ಯಾಡ್ 7, 2025ರ ಜನವರಿಯಲ್ಲಿ 27,999ಕ್ಕೆ ಬಂತು. ವೇಗದಲ್ಲಿ ಎಸ್9 ಎಫ್ಇಗಿಂತ ಎಷ್ಟೋ ಮುಂದೆ. 11.2 ಇಂಚು, ಆಕಾರ 3:2, ಓದಲು ಚೆನ್ನಾಗಿದೆ. ಗಾಜು ಹೊಳೆಯದ ಹಾಗೆ ಮಾಡಿದ ಇನ್ನೊಂದು ಬಗೆಯೂ ಉಂಟು, ಅದಕ್ಕೆ ಚೂರು ಜಾಸ್ತಿ. ಉಡುಪಿಯಿಂದ ಮಂಗಳೂರಿಗೆ ದಿನಾ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಓದುವವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಆದರೆ ಪೆನ್ ಬೇರೆ ತೆಗೆಯಬೇಕು, ಐಪಿ68 ಇಲ್ಲ. ಪೆನ್ ಸೇರಿಸಿದರೆ ಸ್ಯಾಮ್‌ಸಂಗಿನ ಹತ್ತಿರ ಹತ್ತಿರ ಬಂತು. ಆಟ ಆಡುವ ಹುಡುಗರಿಗೆ ಶಿಯೋಮಿ, ಬರೆಯುವವರಿಗೆ ಸ್ಯಾಮ್‌ಸಂಗ್. ಅಕ್ಕನ ಮಗಳಿಗೆ ಎಸ್9 ಎಫ್ಇ ಅಂದೆ. ಅವಳಿಗೆ ಬೇಕಿದ್ದದ್ದು ಐಪ್ಯಾಡ್.

ಐಪ್ಯಾಡ್ ಮೋಹ

ಮಣಿಪಾಲದ ಯಾವುದೇ ಕಾಫಿ ಅಂಗಡಿಯಲ್ಲಿ ಕೂತು ನೋಡಿ, ಮೇಜಿನ ಮೇಲೆ ಐಪ್ಯಾಡ್ ಕಾಣದಿದ್ದರೆ ಹೇಳಿ. ಸುಮ್ನೆ ಶೋಕಿ ಅಂತ ತಳ್ಳಿಹಾಕಲು ಬರುವುದಿಲ್ಲ. ನೋಟ್ಸ್ ಬರೆಯುವ ಆ್ಯಪ್‌ಗಳು ಅದರಲ್ಲಿ ನಿಜಕ್ಕೂ ಚೆನ್ನಾಗಿವೆ, ಅಪ್‌ಡೇಟ್ ಬಹಳ ವರ್ಷ ಬರುತ್ತದೆ, ಮಾರುವಾಗ ಬೆಲೆ ಉಳಿದಿರುತ್ತದೆ. 2018ರ ಆರನೇ ಪೀಳಿಗೆಯ ಐಪ್ಯಾಡಿಗೆ 2023ರ ಐಪ್ಯಾಡ್‌ಓಎಸ್ 17ರವರೆಗೂ ಅಪ್‌ಡೇಟ್ ಬಂತು. 2018ರಲ್ಲೇ ಅದೇ ದುಡ್ಡಿಗೆ ತೆಗೆದ ಆಂಡ್ರಾಯ್ಡ್ ಟ್ಯಾಬ್‌ಗಳಿಗೆ ಅಷ್ಟು ಆಯಸ್ಸು ಇರಲಿಲ್ಲ.

ಸಾದಾ ಐಪ್ಯಾಡ್, ಎ16 ಚಿಪ್ಪಿನದ್ದು, 2025ರ ಮಾರ್ಚಿನಲ್ಲಿ 34,900ಕ್ಕೆ ಬಂತು, 128 ಜಿಬಿ. ಈಗ ಪೆನ್ಸಿಲ್, ಅಂದರೆ ಆಪಲ್‌ನ ಪೆನ್, ಸೇರಿಸಿ. ಯುಎಸ್‌ಬಿ-ಸಿ ಪೆನ್ಸಿಲ್ಲಿನ ಬೆಲೆ ಆಗ 7,900, ಅದೂ ಒತ್ತಿದರೆ ದಪ್ಪ, ಮೆಲ್ಲ ಹಿಡಿದರೆ ಸಪೂರ ಬರುವ ಜಾತಿಯದ್ದಲ್ಲ. ನೋಟ್ಸಿಗೆ ಸಾಕು, ಚಿತ್ರ ಬಿಡಿಸುವವರಿಗೆ ಸಾಲದು. ಕವರು, ಗಾಜು ಸೇರಿ 45 ಸಾವಿರದ ಹತ್ತಿರ. ಇನ್ನೊಂದು, ಈ ಸಾದಾ ಐಪ್ಯಾಡಿನಲ್ಲಿ ಗಾಜಿಗೂ ಒಳಗಿನ ಪರದೆಗೂ ನಡುವೆ ಚೂರು ಸಂದು ಇದೆ, ಬರೆಯುವಾಗ ಪೆನ್ಸಿಲ್ ತುದಿ ಮತ್ತು ಗೆರೆ ಒಂದಕ್ಕೊಂದು ಅಂಟಿಕೊಂಡ ಹಾಗೆ ಅನ್ನಿಸುವುದಿಲ್ಲ. ಅದು ಬೇಡ ಅಂದರೆ ಐಪ್ಯಾಡ್ ಏರ್, ಎಂ3 ಚಿಪ್ಪಿನದ್ದು 59,900ಕ್ಕೆ ಬಂದದ್ದು. ಅಷ್ಟರಲ್ಲಿ ಒಳ್ಳೆಯ ಲ್ಯಾಪ್‌ಟಾಪ್ ಬರುತ್ತದೆ ಅಲ್ವಾ?

ಐಪ್ಯಾಡಿನಲ್ಲಿ ವಾಟ್ಸಾಪ್ ಇಲ್ಲ ಅನ್ನುವ ಹಳೆಯ ದೂರು ಈಗ ಇಲ್ಲ. 2025ರ ಮೇ ತಿಂಗಳಲ್ಲಿ ಅದರದ್ದೇ ಆ್ಯಪ್ ಬಂತು. ಮೊಬೈಲಿನ ಖಾತೆಗೆ ಜೋಡಿಸಿ ಬಳಸಬಹುದು. ಕನ್ನಡದ ವಿಷಯಕ್ಕೆ ಬಂದರೆ ನನಗೆ ಆಂಡ್ರಾಯ್ಡೇ ಇಷ್ಟ. ಅದರಲ್ಲಿ ಗೂಗಲ್‌ನ ಕೀಲಿಮಣೆ ಜಿಬೋರ್ಡಿನಲ್ಲಿ ಬೆರಳಲ್ಲೋ ಪೆನ್ನಲ್ಲೋ ಕನ್ನಡ ಅಕ್ಷರ ಬರೆದರೆ ಅದು ಟೈಪ್ ಆಗುತ್ತದೆ. ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕಲು ಗೊತ್ತಿಲ್ಲದ ನಮ್ಮ ಅಮ್ಮ ಸ್ಲೇಟಿನಲ್ಲಿ ಬರೆದ ಹಾಗೆ ಬರೆದು ಮೆಸೇಜ್ ಕಳಿಸುತ್ತಾರೆ.

ಕೊನೆಗೆ ಅಕ್ಕನ ಮಗಳು ಐಪ್ಯಾಡೇ ತೆಗೆದಳು. ಗೆಳತಿಯರ ಹತ್ತಿರ ಎಲ್ಲ ಅದೇ ಇತ್ತು, ನೋಟ್ಸ್ ಒಬ್ಬರಿಂದ ಒಬ್ಬರಿಗೆ ಹಾಗೇ ಹೋಗುತ್ತದೆ ಅಂತ ಅವಳ ವಾದ. ಅದು ನ್ಯಾಯವಾದ ಕಾರಣವೇ, ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಕ್ಲಾಸಿನ ಹತ್ತು ಜನ ಯಾವುದು ಬಳಸುತ್ತಾರೋ ಅದೇ ಇದ್ದರೆ ಅರ್ಧ ಕೆಲಸ ಸುಲಭ. ಮಳೆಗೆ ಮಾತ್ರ ಝಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟು ಬ್ಯಾಗಿಗೆ ಹಾಕುತ್ತಾಳೆ.

ಲ್ಯಾಪ್‌ಟಾಪ್ ಬದಲಿಗೆ ಆಗುತ್ತದಾ?

ಕೀಬೋರ್ಡ್ ಕವರ್ ಹಾಕಿದ ಟ್ಯಾಬ್ ಲ್ಯಾಪ್‌ಟಾಪ್ ಆಗುತ್ತದೆ ಅಂತ ಜಾಹೀರಾತು ಹೇಳುತ್ತದೆ. ನನ್ನ ಅನುಭವದಲ್ಲಿ ಆಗುವುದಿಲ್ಲ. ಪ್ರಾಜೆಕ್ಟ್ ರಿಪೋರ್ಟ್, ಎಕ್ಸೆಲ್, ಕೋಡಿಂಗ್, ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೆಯ ಕಡತ, ಸರ್ಕಾರಿ ಅರ್ಜಿಯ ಸೈಟು, ಇವಕ್ಕೆಲ್ಲ ಲ್ಯಾಪ್‌ಟಾಪ್ ಬೇಕು. ಮನೆಗೆ ಒಂದೇ ತೆಗೆಯಲು ದುಡ್ಡಿದ್ದರೆ, ಡಿಗ್ರಿ ಸೇರುವ ಮಕ್ಕಳಿಗೆ ಮೊದಲು ಲ್ಯಾಪ್‌ಟಾಪ್ ತೆಗೆಯಿರಿ. ಮನೆಯಲ್ಲಿ ಹಳೆಯದು ನಿಧಾನವಾಗಿ ಮಲಗಿದ್ದರೆ ಹಾರ್ಡ್ ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಸ್ಟೋರೇಜ್ ಆದ ಎಸ್‌ಎಸ್‌ಡಿ ಹಾಕಿಸಿ ನೋಡಿ, ಬೇರೆಯೇ ಮೆಷೀನಿನ ಹಾಗೆ ಓಡುತ್ತದೆ. ವಿಂಡೋಸ್ 10ಗೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಹಾಗಾಗಿ ಅದರಲ್ಲಿ ವಿಂಡೋಸ್ 11 ಓಡುತ್ತದಾ ಅಂತ ಮೊದಲು ಕೇಳಿಕೊಳ್ಳಿ. ಆಮೇಲೆ ಉಳಿದ ದುಡ್ಡಿನಲ್ಲಿ 15 ಸಾವಿರದ ಟ್ಯಾಬ್ ಓದಲಿಕ್ಕೆ. 45 ಸಾವಿರದ ಒಂದೇ ಟ್ಯಾಬಿಗಿಂತ ಈ ಜೋಡಿ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಟ್ಯಾಬ್ ಗೆಲ್ಲುವ ಒಂದು ಜಾಗ ಉಂಟು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಒಳನಾಡಿನ ಮನೆಗಳಿಗೆ ಅದು ಮರುದಿನವೇ ಬರುವುದು. 8000 ಎಂಎಎಚ್ ಟ್ಯಾಬನ್ನು 20,000 ಎಂಎಎಚ್ ಪವರ್ ಬ್ಯಾಂಕ್ ಒಂದೂವರೆ ಸಲ ತುಂಬಿಸುತ್ತದೆ. ಸಾದಾ ಪವರ್ ಬ್ಯಾಂಕಿನಲ್ಲಿ ಲ್ಯಾಪ್‌ಟಾಪ್ ಅಷ್ಟು ಸುಲಭಕ್ಕೆ ಚಾರ್ಜ್ ಆಗುವುದಿಲ್ಲ.

ಬರೇ ಕಾದಂಬರಿ ಓದುವವರು ಕಿಂಡಲ್, ಅಂದರೆ ಅಮೆಜಾನಿನ ಇ-ಪುಸ್ತಕ ಓದುವ ಸಾಧನ, ಕೇಳುತ್ತಾರೆ. ಕಣ್ಣಿಗೆ ಅದರಷ್ಟು ಹಿತ ಬೇರೆ ಇಲ್ಲ. ಆದರೆ 2016ರಲ್ಲಿ ಅಮೆಜಾನ್ ಕಿಂಡಲ್ಲಿಗೆ ಐದು ಭಾರತೀಯ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕಕ್ಕೆ ಮೈಲ್ಯಾಂಗ್‌ನಂಥ ಆ್ಯಪ್ ಬೇಕು, ಅದು ಓಡುವುದು ಮೊಬೈಲು, ಟ್ಯಾಬುಗಳಲ್ಲಿ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದ ಪುಟ ಕಿಂಡಲ್ಲಿನ ಸಣ್ಣ ಪರದೆಯಲ್ಲಿ ಓದಲಾಗದು. ಇಂಗ್ಲಿಷ್ ಓದುವವರಿಗೆ ಮಾತ್ರ ಕಿಂಡಲ್ ಅನ್ನುತ್ತೇನೆ.

ಹಳೆಯದನ್ನು ಬದಲಾಯಿಸುವುದಾ?

ಬಾವನ ಪ್ರಶ್ನೆ ಇದು. ಅವನದ್ದು 2019ರ ಏಳನೇ ಪೀಳಿಗೆ ಐಪ್ಯಾಡ್. 2025ರ ಐಪ್ಯಾಡ್‌ಓಎಸ್ 26 ಅದಕ್ಕೆ ಬರಲಿಲ್ಲ. ಅದರ ಮರುವರ್ಷದ ಎಂಟನೇ ಪೀಳಿಗೆಗೆ ಬಂತು. ಹಾಗಂತ ಮರುದಿನವೇ ಅದು ಕಲ್ಲಾಗುವುದಿಲ್ಲ. ಬಾವ ಅದರಲ್ಲಿ ಮಾಡುವುದು ಕ್ರಿಕೆಟ್ ನೋಡುವುದು, ಅಂಗಡಿಯ ಬಿಲ್ ಪಿಡಿಎಫ್ ನೋಡುವುದು. ಆ ಆ್ಯಪ್‌ಗಳು ಓಡುವವರೆಗೆ ಓಡಲಿ.

ಬದಲಾಯಿಸುವ ಮೊದಲು ಮೂರು ಕೆಲಸ ಮಾಡಿ. ಸ್ಟೋರೇಜ್ ಕಾಲು ಭಾಗವಾದರೂ ಖಾಲಿ ಮಾಡಿ. ವಾಟ್ಸಾಪಿನಲ್ಲಿ ಬಂದ ಗುಡ್ ಮಾರ್ನಿಂಗ್ ವಿಡಿಯೋಗಳೇ ಹತ್ತಾರು ಜಿಬಿ ಇರುತ್ತವೆ, ಬಾವನದ್ದರಲ್ಲಿ ಅಷ್ಟರಿಂದಲೇ ಅರ್ಧ ವೇಗ ವಾಪಸ್ ಬಂತು. ಆಮೇಲೆ ಎಲ್ಲ ಬೇರೆ ಕಡೆ ಉಳಿಸಿಕೊಂಡು ಒಮ್ಮೆ ಫ್ಯಾಕ್ಟರಿ ರೀಸೆಟ್. ಬ್ಯಾಟರಿ ಬೇಗ ಇಳಿಯುವುದು ಮಾತ್ರ ತೊಂದರೆ ಆದರೆ ಬ್ಯಾಟರಿ ಬದಲಾಯಿಸಲು ಎಷ್ಟು ಅಂತ ಕೇಳಿ. ಸಾವಿರ ಸಲ ಪೂರ್ತಿ ಚಾರ್ಜ್ ಆದ ಮೇಲೂ ನೂರಕ್ಕೆ 80ರಷ್ಟು ಶಕ್ತಿ ಉಳಿಯುವ ಹಾಗೆ ಐಪ್ಯಾಡ್ ಬ್ಯಾಟರಿ ಮಾಡಿರುತ್ತೇವೆ ಅಂತ ಆಪಲ್ ಹೇಳುತ್ತದೆ. ದಿನಾ ಬಳಸುವವರಿಗೆ ಮೂರ್ನಾಲ್ಕು ವರ್ಷದ ಲೆಕ್ಕ ಅದು. ಬದಲಾಯಿಸುವ ಖರ್ಚು ಹೊಸ ಟ್ಯಾಬಿನ ಮೂರನೇ ಒಂದು ಭಾಗ ದಾಟಿದರೆ ನಾನು ಹಾಕಿಸುವುದಿಲ್ಲ. ಕೆಲಸಕ್ಕೆ ಬೇಕಾದ ಆ್ಯಪ್ಪೇ "ಈ ಸಾಧನಕ್ಕೆ ಹೊಂದುವುದಿಲ್ಲ" ಅಂದರೆ, ಅಥವಾ ಈಗ ಪೆನ್ನಲ್ಲಿ ಬರೆಯುವ ಅಗತ್ಯ ಹೊಸದಾಗಿ ಬಂದಿದ್ದರೆ, ಆಗ ಬದಲಾಯಿಸಿ.

ಸೆಕೆಂಡ್ ಹ್ಯಾಂಡ್ ತೆಗೆಯುವವರಿಗೆ ಒಂದು ಮಾತು. ಐಪ್ಯಾಡ್ ಆದರೆ ಹಿಂದಿನವರ ಆಪಲ್ ಖಾತೆ, ಆಂಡ್ರಾಯ್ಡ್ ಆದರೆ ಗೂಗಲ್ ಖಾತೆ ಅದರಿಂದ ತೆಗೆದಿರಬೇಕು. ನಿಮ್ಮ ಎದುರಲ್ಲೇ ರೀಸೆಟ್ ಮಾಡಿಸಿ, ಮೊದಲ ಸಲ ಆನ್ ಮಾಡುವಾಗ ಯಾರ ಪಾಸ್‌ವರ್ಡನ್ನೂ ಕೇಳದಿದ್ದರೆ ಮಾತ್ರ ದುಡ್ಡು ಕೊಡಿ. ಬಿಲ್ ಇಲ್ಲದ್ದು ಎಷ್ಟು ಕಡಿಮೆಗೆ ಬಂದರೂ ಬೇಡ. ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಊರಿಗೆ ಹೋಗುವ ಹುಡುಗರು ಐಪ್ಯಾಡ್ ಪೆನ್ಸಿಲ್ ಸಮೇತ ಮಾರುತ್ತಾರೆ, ಆ ಸಮಯ ನೋಡಿ ಕೇಳಿದರೆ ಒಳ್ಳೆಯದು ಸಿಗುತ್ತದೆ.

ಮಾಸ್ಟ್ರು ಪ್ಯಾಡ್ ಗೋ ತೆಗೆದರು. ಬಾವ ಏನೂ ತೆಗೆಯಲಿಲ್ಲ, ಉಳಿದ ದುಡ್ಡಿನಲ್ಲಿ ಇನ್ವರ್ಟರ್ ಬ್ಯಾಟರಿ ಹಾಕಿಸಿದ. ನನ್ನ ಡ್ರಾಯರಿನಲ್ಲಿದ್ದ ಆ ಉಬ್ಬಿದ ಟ್ಯಾಬನ್ನು ಚಾರ್ಜಿಗೆ ಹಾಕುವುದನ್ನು ಅವತ್ತೇ ನಿಲ್ಲಿಸಿದೆ. ಉಬ್ಬಿದ ಬ್ಯಾಟರಿ ಬೆಂಕಿ ಹಿಡಿಯಬಹುದು, ಅದನ್ನು ಒತ್ತುವುದು, ಚುಚ್ಚುವುದು, ಕಸದ ಬಕೆಟ್ಟಿಗೆ ಹಾಕುವುದು ಯಾವುದನ್ನೂ ಮಾಡಬಾರದು. ಇ-ಕಸ ತೆಗೆದುಕೊಳ್ಳುವವರಿಗೆ ಕೊಟ್ಟು ಬಂದೆ. ನಿಮ್ಮಲ್ಲೂ ಬಳಸದ ಟ್ಯಾಬ್ ಇದ್ದರೆ ಪೂರ್ತಿ ಖಾಲಿ ಮಾಡಿ ಇಡಬೇಡಿ. ಅರ್ಧ ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ, ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಜೊತೆಗೆ ಹಾಕಿ ಡಬ್ಬಕ್ಕೆ ತುಂಬಿ, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ.